ಹೆದರಿಕೆ ಕಲಿತ ಇಲಿ

ಹೊಳೆಯ ದಂಡೆಯ ಮೇಲೆ ಭ್ರಮರಾಂಬ ಅವರ ಪ್ರಯೋಗಶಾಲೆ. ಹೆದರಿಕೆಯನ್ನು ಮಿದುಳು ಹೇಗೆ ಕಲಿಯುತ್ತದೆ, ಹೇಗೆ ನೆನಪಿಡುತ್ತದೆ ಎಂದು ಅವರು ಮೂವತ್ತು ವರ್ಷದಿಂದ ಇಲಿಗಳಲ್ಲಿ ಹುಡುಕುತ್ತಿದ್ದರು. ಶಂಭುಲಿಂಗ ಅವರ ಶಿಷ್ಯ.

ಅವನ ತಂಗಿ ನೀಲಾಂಬಿಕೆ ಕೂತಿದ್ದ ಬಸ್ಸು ಹಿಂದಿನ ವರ್ಷ ಮಗುಚಿ ಬಿದ್ದಿತ್ತು. ಗಾಯ ವಾಸಿಯಾದರೂ ಅವಳು ಊರಿನ ಮನೆಯ ಹೊಸ್ತಿಲು ದಾಟಿರಲಿಲ್ಲ. ಹಾರನ್ ಕೇಳಿದರೆ ಸಾಕು, ಮೂಲೆ ಸೇರುತ್ತಿದ್ದಳು. ಹೆದರಬೇಡವೆಂದು ಅಣ್ಣ ಹೇಳಿ ಹೇಳಿ ಸೋತಿದ್ದ.

ಪ್ರಯೋಗಶಾಲೆಯ ಗೂಡಿನಲ್ಲಿ ಶಂಭುಲಿಂಗನ ಇಲಿ. ಗಂಟೆಯ ಸದ್ದು, ಅದರ ಹಿಂದೆಯೇ ಕಾಲಿಗೆ ಸಣ್ಣ ಶಾಕ್. ನಾಲ್ಕೇ ಸಲಕ್ಕೆ ಇಲಿ ಪಾಠ ಕಲಿಯಿತು. ಆಮೇಲೆ ಬರೀ ಸದ್ದಿಗೇ ಕಲ್ಲಾಗಿ ಕೂರತೊಡಗಿತು.

ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಗ್ರಾಹಕಗಳಿವೆ. ಅವುಗಳಲ್ಲಿ ಒಂದು ಬಗೆಯದನ್ನು ಮುಚ್ಚುವ ಔಷಧವನ್ನು ಶಂಭುಲಿಂಗ ಇಲಿಗೆ ಕೊಟ್ಟ. ಗಂಟೆ ಬಾರಿಸಿದ. ಇಲಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿತ್ತು.

ಅವನು ಏದುಸಿರು ಬಿಡುತ್ತಾ ಗುರುವಿನ ಬಳಿ ಬಂದ. "ಮೇಡಂ, ಇಲಿ ಎಲ್ಲ ಮರೆತುಬಿಟ್ಟಿದೆ. ಈ ಔಷಧ ನೀಲಳಿಗೂ ಆದೀತೇ?"

ನಾಳೆ ಔಷಧ ಕೊಡದೆ ಬಾರಿಸಿ ನೋಡು ಎಂದರು ಅವರು.

ಬಾರಿಸಿದ. ಇಲಿ ಮತ್ತೆ ಕಲ್ಲಾಯಿತು.

ಶಂಭುಲಿಂಗ ಗೂಡಿನ ಮುಂದೆಯೇ ಕೂತುಬಿಟ್ಟ. ಭ್ರಮರಾಂಬ ಶಾಕಿನ ತಂತಿ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು. ದಿನವೂ ಬೆಳಿಗ್ಗೆ ಗಂಟೆ ಬಾರಿಸಿ, ಇಲ್ಲೇ ಸುಮ್ಮನೆ ಕೂತಿರು ಎಂದರು.

ಎಷ್ಟು ದಿನ ಎಂದು ಕೇಳಿದ.

"ಅದನ್ನು ಇಲಿ ಹೇಳುತ್ತದೆ."

ಮೊದಮೊದಲು ಅವನಿಗೇ ಕೂರಲಾಗುತ್ತಿರಲಿಲ್ಲ. ಐದನೆಯ ದಿನ ಇಲಿಯ ಮೀಸೆ ಅಲುಗಿತು. ಒಂಬತ್ತನೆಯ ದಿನ, ಗಂಟೆ ಬಾರಿಸುತ್ತಿರುವಾಗಲೇ ಅದು ಎರಡು ಹೆಜ್ಜೆ ಇಟ್ಟಿತು, ನಿಂತಿತು, ಮತ್ತೆ ನಡೆದು ಬಂದು ಅವನ ಬೆರಳು ಮೂಸಿತು. ಅವನ ಕಣ್ಣು ತುಂಬಿತು.

ಈಗಲಾದರೂ ಮರೆತಿದೆಯೇ ಎಂದು ಗುರುವನ್ನು ಕೇಳಿದ.

"ಇಲ್ಲ. ಚೆನ್ನಾಗಿ ನೆನಪಿದೆ. ಆದರೂ ಬಂದಿದೆ."

ಮಾರನೆಯ ದಿನ ಅವನು ಊರಿಗೆ ಹೊರಟ. ಚಪ್ಪಲಿ ಮೆಟ್ಟಿದವನು ಬಾಗಿಲಲ್ಲೇ ನಿಂತ.

"ನೀಲಳಿಗೆ ಏನಂತ ಹೇಳಲಿ, ಮೇಡಂ?"

ಭ್ರಮರಾಂಬ ಗೂಡಿಗೆ ನೀರು ಇಡುತ್ತಿದ್ದರು. ತಲೆಯೆತ್ತದೆ ಕೇಳಿದರು:

"ಇಲಿಗೆ ಏನಂತ ಹೇಳಿದೆ?"