ಬೆಣ್ಣೆ ಬಂದ ಮೇಲಿನ ಕಡೆತ

ಪೂಜ್ಯ ಮಾತೆ ಶಿವದೇವಮ್ಮನವರಿಗೆ ಮಠವೂ ಇರಲಿಲ್ಲ, ಗದ್ದುಗೆಯೂ ಇರಲಿಲ್ಲ. ಊರಾಚೆಯ ದನದ ಕೊಟ್ಟಿಗೆಯಲ್ಲಿದ್ದುಕೊಂಡು ದಾರಿಹೋಕರಿಗೆ ಮಜ್ಜಿಗೆ ಕಡೆದು ಕೊಡುತ್ತಿದ್ದರು. ಅದೇ ಅವರ ಪೂಜೆ.

ಒಂದು ಭಾನುವಾರ ತಾಲ್ಲೂಕು ಕಚೇರಿಯ ಗುಮಾಸ್ತ ಬಸವಲಿಂಗಯ್ಯ ಅವರ ಪಾದದ ಬಳಿ ಕುಳಿತು ಗಳಗಳನೆ ಅತ್ತ. ಅವನ ಕೆಲಸ ಐದಕ್ಕೇ ಮುಗಿಯುತ್ತಿತ್ತು. ಮುಗಿದರೇನು? ಶಿರಸ್ತೇದಾರ್ ಸುಬ್ಬಕೃಷ್ಣಯ್ಯನವರು ಕುರ್ಚಿಯಿಂದ ಏಳುವತನಕ ಯಾರೂ ಏಳಕೂಡದು. ಅವರೋ, ದೀಪ ಹಚ್ಚಿದ ಮೇಲೂ ಏಳುವ ಆಸಾಮಿಯಲ್ಲ! ಬರೆದದ್ದನ್ನೇ ಮತ್ತೆ ಬರೆಯುತ್ತಾ ಕೂರಬೇಕು. ಎಂಥಾ ಕರ್ಮ! ಮನೆ ಸೇರುವಷ್ಟರಲ್ಲಿ ಮಗಳು ನೀಲು ಮಲಗಿರುತ್ತಿದ್ದಳು. ಆ ಬೆಳಿಗ್ಗೆ ಎತ್ತಿಕೊಳ್ಳಹೋದರೆ, "ಅಮ್ಮಾ, ಯಾರೋ ಬಂದ್ರು" ಎಂದು ಕಿರುಚಿ ಒಳಗೆ ಓಡಿದ್ದಳು.

"ಕೆಲಸ ಮುಗಿದ ಮೇಲೆ ಎದ್ದು ಹೋಗು," ಎಂದರು ತಾಯಿಯವರು.

"ನೌಕರಿ ಹೋಗುತ್ತೆ ತಾಯಿ!"

ದರ್ಶನಕ್ಕೆಂದು ಆಗಷ್ಟೇ ಬಂದ ಶಿರಸ್ತೇದಾರರ ಕಿವಿಗೆ ಈ ಮಾತು ಬಿತ್ತು. ಕೆಂಡಾಮಂಡಲವಾದರು.

"ಏನು ತಾಯಿ, ನನ್ನ ಗುಮಾಸ್ತನಿಗೆ ಸೋಮಾರಿತನದ ಉಪದೇಶವೇ? ಹೊತ್ತು ಮುಳುಗುವತನಕ ಕೂತವನೇ ದುಡಿದವನು!"

ಬಸವಲಿಂಗಯ್ಯ ದಡಬಡನೆ ಎದ್ದು ಕೈಕಟ್ಟಿ ನಿಂತ. ತಾಯಿಯವರು ಮಾತ್ರ ಮಣೆಯ ಮೇಲೆ ಕುಳಿತಲ್ಲಿಂದಲೇ ಕಡೆಗೋಲಿನ ಹಗ್ಗವನ್ನು ಶಿರಸ್ತೇದಾರರ ಕೈಗಿತ್ತರು. "ಸ್ವಲ್ಪ ಕಡೆಯಿರಿ."

ಇಲ್ಲವೆನ್ನಲು ನಾಲಗೆ ಬರಲಿಲ್ಲ. ಅಂಗಿ ತೋಳು ಮಡಚಿ ಕಡೆದರು. ಬೆಣ್ಣೆ ತೇಲಿತು, ಹಗ್ಗ ಬಿಟ್ಟರು.

"ಊಹೂಂ, ಕಡೆಯಿರಿ."

ಬಿಸಿಲೇರಿತು. ಬೆವರು ಧಾರೆಯಾಗಿ ಇಳಿಯಿತು. ಗಡಿಗೆಯಲ್ಲಿದ್ದ ಬೆಣ್ಣೆ ಮೆತ್ತಗಾಗಿ, ಕರಗಿ, ಮಜ್ಜಿಗೆಯಲ್ಲೇ ಜಿಡ್ಡಾಗಿ ಹರಡಿಕೊಂಡಿತು.

"ಅಯ್ಯೋ, ಬೆಣ್ಣೆ ಆಗಲೇ ಬಂದಿತ್ತಲ್ಲಾ ತಾಯಿ! ಹಾಳಾಗಿ ಹೋಯ್ತು. ಇನ್ನೂ ಯಾಕೆ ಕಡೆಯಬೇಕು?"

"ನಾನಿನ್ನೂ ಎದ್ದಿಲ್ಲವಲ್ಲ," ಎಂದರು ತಾಯಿಯವರು.

ಶಿರಸ್ತೇದಾರರ ಕೈ ನಿಂತಿತು. ನಮಸ್ಕರಿಸಿ ಹೊರಟುಹೋದರು.

ಮಾರನೆಯ ದಿನ ಸಂಜೆ ಬಸವಲಿಂಗಯ್ಯ ಲೇಖನಿ ಕೆಳಗಿಟ್ಟ. ಎದುರಿಗೆ ಶಿರಸ್ತೇದಾರರು ಕುರ್ಚಿಯಲ್ಲೇ ಇದ್ದರು. ಹೋದರೆ ಹೋಗಲಿ ನೌಕರಿ, ಮಗಳಿಗೇ ಗುರುತು ಸಿಗದ ಅಪ್ಪನಾಗಿ ಬದುಕಿ ಏನು ಸುಖ? ಎದ್ದ. ಗೂಟದಿಂದ ರುಮಾಲು ತೆಗೆದು ತಲೆಗಿಟ್ಟುಕೊಂಡ.

"ಕೆಲಸ ಮುಗಿಯಿತು ಸ್ವಾಮಿ. ಹೊರಟೆ."

ಶಿರಸ್ತೇದಾರರು ಅವನ ಮೇಜಿನ ಕಾಗದಗಳನ್ನು ತರಿಸಿ ಒಂದೊಂದನ್ನೇ ತಿರುವಿದರು. ತಪ್ಪೆಲ್ಲಿ ಸಿಕ್ಕಬೇಕು!

"ಹೂಂ, ಹೋಗಿ ಬನ್ನಿ," ಎಂದರು. ಆಮೇಲೆ ಮೆಲ್ಲನೆ ತಾವೂ ಎದ್ದು ಕೋಟು ಹಾಕಿಕೊಂಡರು.

ಮೊದಲ ಎರಡು ಸಂಜೆ ನೀಲು ಬಾಗಿಲ ಹಿಂದೆ ಅವಿತುಕೊಂಡಳು. ಆ ವಾರ ಮುಗಿಯುವುದರೊಳಗೆ ಹೊಸ್ತಿಲ ಮೇಲೇ ಕಾದು ಕುಳಿತಿದ್ದಳು. ಬೀದಿಯ ತಿರುವಿನಲ್ಲಿ ರುಮಾಲು ಕಂಡದ್ದೇ ತಡ, ಕೂಗಿದಳು: "ಅಮ್ಮಾ, ಅಪ್ಪ ಬಂದ್ರು! ಇನ್ನೂ ಬಿಸಿಲಿದೆ!"