ನೀರು ಕಂಡ ಸೀರೆ

“ಗುರುಗಳೇ, ಮೆದುಳಿನ ರಸಾಯನ ಪೂರ್ತಿ ತಿಳಿಯುವ ಮೊದಲೇ, ಎಲ್ಲರಂತಲ್ಲದ ಮೆದುಳಿನವರಿಗೆ ನಾವು ನೆರವಾಗುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಪ್ರಯೋಗಾಲಯದಲ್ಲಿ ಅದೇ ಸಂಶೋಧನೆ ಮಾಡುತ್ತಿದ್ದ. ಸದ್ದು, ಬೆಳಕು, ಮೈಗೆ ತಾಗುವ ಬಟ್ಟೆ ಕೆಲವರಿಗೆ ಮಾತ್ರ ಏಕೆ ತಾಳಲಾಗುವುದಿಲ್ಲ, ಆಗ ತಲೆಯೊಳಗೆ ಯಾವ ರಸ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಹುಡುಕುವುದು ಅವನ ಕೆಲಸ. ಅಂಥವರ ಮನೆಯವರು ಬಂದು ದಾರಿ ಕೇಳಿದರೆ, “ಉತ್ತರ ಸಿಗಲಿ, ಆಮೇಲೆ ಬನ್ನಿ” ಎಂದು ಕಳುಹಿಸುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನು ಗಂಜಿ ಹಾಕಿ ಮಡಿಸಿದ ಹತ್ತಿ ಸೀರೆ ಹಲಗೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ಸುತ್ತಲಿನ ಸಂತೆಗಳಲ್ಲಿ ಅವನ ಹೆಸರು ನಿಂತದ್ದೂ ಆ ಗಂಜಿಯಿಂದಲೇ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಎಲ್ಲರಂತೆ. ಹಿರಿಯವಳಿಗೆ ಮಾತು ಕಡಿಮೆ, ನಿದ್ದೆಯೂ ಕಡಿಮೆ. ಮನೆಯಲ್ಲಿ ತನ್ನ ಪಾಡಿಗೆ ನೂಲು ಸುತ್ತುತ್ತ ಚೆನ್ನಾಗಿಯೇ ಇರುತ್ತಿದ್ದಳು. ಹಬ್ಬ ಮದುವೆ ಬಂದರೆ ಮಾತ್ರ ಉಟ್ಟ ಸೀರೆ ಕಿತ್ತೆಸೆದು, ಚೀರಿ, ಓಡಿಹೋಗುತ್ತಿದ್ದಳು.

ನೇಕಾರರ ಕೇರಿಯಲ್ಲಿ ಒಂದು ಕಟ್ಟುಪಾಡಿತ್ತು. ಹಬ್ಬ ಮದುವೆಯ ದಿನ ಮನೆಯವರೆಲ್ಲ ತಮ್ಮದೇ ಮಗ್ಗದ, ನೀರು ಕಾಣದ ಹೊಸ ಬಟ್ಟೆ ಉಡಬೇಕು. ಮಗಳು ಸೀರೆ ಎಸೆದಾಗಲೆಲ್ಲ ನೇಕಾರ, ತನ್ನ ಕೈಯ ಕೆಲಸ ಅವಳಿಗೆ ಹಿಡಿಸಲಿಲ್ಲ ಎಂದುಕೊಂಡ. ಮುಂದಿನ ಸೀರೆಗೆ ಇನ್ನಷ್ಟು ಗಂಜಿ ಹಾಕಿದ. ಪ್ರೀತಿ ಹೆಚ್ಚಿದಷ್ಟೂ ಸೀರೆ ಬಿರುಸಾಯಿತು.

ಕಿರಿಯವಳ ಮದುವೆ ಗೊತ್ತಾಯಿತು. ಹಿರಿಯವಳನ್ನು ಅಂದು ಹಿಂದಿನ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕುವುದು ಎಂದು ಕೇರಿಯ ಹಿರಿಯರು ತೀರ್ಮಾನಿಸಿದರು. ನೇಕಾರ ತಲೆ ತಗ್ಗಿಸಿ ಒಪ್ಪಿದ. ಅವನ ಹೆಂಡತಿ ಒಪ್ಪಲಿಲ್ಲ. ಎತ್ತಿ ಆಡಿಸಿದ ತಂಗಿಯ ತಲೆಗೆ ಅಕ್ಕ ಅಕ್ಷತೆ ಹಾಕಬಾರದೆಂದರೆ ಆ ಮದುವೆ ಯಾರ ಸಂಭ್ರಮಕ್ಕೆ ಎಂದು ಕೇಳಿದಳು.

ಅವಳು ವೈದ್ಯನನ್ನು ಕರೆಸಿದಳು. ವೈದ್ಯ ಪ್ರಾಮಾಣಿಕ. “ತಲೆಯೊಳಗಿನ ಯಾವುದೋ ರಸದ ಏರುಪೇರು ಇದು. ಯಾವುದೆಂದು ನನಗಿನ್ನೂ ತಿಳಿದಿಲ್ಲ. ನಿದ್ದೆಗೆ ಒಂದು ಕಷಾಯ ಕೊಡುತ್ತೇನೆ. ಅವಳಿಗೆ ಯಾವಾಗ ಹೀಗಾಗುತ್ತದೆ ಎಂದು ನೀವು ನೋಡುತ್ತಿರಿ” ಎಂದ. ಕಷಾಯದಿಂದ ಮಗಳು ಚೆನ್ನಾಗಿ ಮಲಗಿದಳು. ತಾಯಿ ನೋಡುತ್ತ ಬಂದಳು. ಹಳೆಯ, ಒಗೆದು ಒಗೆದು ಮೆತ್ತಗಾದ ಸೀರೆಯಲ್ಲಿ ಮಗಳಿಗೆ ಏನೂ ಆಗುತ್ತಿರಲಿಲ್ಲ. ತಂಗಿಯ ಮದುವೆಗೆಂದು ಅವಳಿಗೆ ನೆಯ್ದ ಹೊಸ ಸೀರೆಯನ್ನು ಉಡಿಸಿ ನೋಡಿದ ಗಳಿಗೆಯಲ್ಲೇ ಚೀರಾಟ. ಸೀರೆ ತೆಗೆದರೆ ಕುತ್ತಿಗೆಯ ಮೇಲೆ, ಸೊಂಟದ ಸುತ್ತ ಕೆಂಪು ಬರೆ.

ತಾಯಿ ಯಾರನ್ನೂ ಕೇಳಲಿಲ್ಲ. ಸೀರೆಯನ್ನು ಬಾನಿಯಲ್ಲಿ ನೆನೆಹಾಕಿ ಗಂಜಿ ಬಿಡುವ ತನಕ ಹಿಂಡಿದಳು.

ನೇಕಾರ ಓಡಿಬಂದ. “ಏನೇ ಇದು! ಮಗ್ಗದಿಂದ ಇಳಿದ ಸೀರೆಗೆ ನೀರು ಮುಟ್ಟಿಸಿದೆಯಾ? ಬೀಗರ ಮುಂದೆ ಚಿಂದಿ ಉಡಿಸಿ ನಿಲ್ಲಿಸ್ತೀಯಾ? ನನ್ನ ಹೆಸರೇನಾಗಬೇಕು?”

“ಬೀಗರು ಉಣ್ಣೋಕೆ ಬರ್ತಾರೆ ಕಣ್ರೀ, ಸೀರೆ ಕೊಳ್ಳೋಕಲ್ಲ. ನಿಮ್ಮ ಹೆಸರು ಗಂಜಿ ಇಲ್ಲದೆ ನಿಲ್ಲೋದಿಲ್ಲ ಅಂದ್ರೆ ಅದನ್ನೂ ತನ್ನಿ, ನೀರು ಇನ್ನೂ ಇದೆ.”

ನೇಕಾರನಿಗೆ ಸಿಟ್ಟೂ ಬಂತು, ನಗುವೂ ಬಂತು. ಮಗಳ ಕುತ್ತಿಗೆಯ ಬರೆ ನೋಡಿದ ಮೇಲೆ ಎರಡೂ ಇಳಿದವು. ಅವನೇ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿದ.

ಮದುವೆಯ ದಿನ ಹಿರಿಯ ಮಗಳು ಜೋತುಬಿದ್ದ ಸೀರೆಯಲ್ಲಿ ತಂಗಿಯ ಪಕ್ಕ ನಿಂತಳು. ಕೇರಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ವಾಲಗದ ಸದ್ದು ಏರಿದಾಗ ಅವಳು ಹಿತ್ತಿಲಿಗೆ ಹೋದಳು. ಯಾರೂ ಹಿಂದೆ ಓಡಲಿಲ್ಲ. ಸದ್ದು ನಿಂತ ಮೇಲೆ ತಾನೇ ಬಂದು ಅಕ್ಷತೆ ಹಾಕಿದಳು. ಊಟಕ್ಕೆ ಸಾಲಿನ ತುದಿಯಲ್ಲಿ ಕೂತು ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಬಡಿಸುತ್ತಿದ್ದ ತಾಯಿಗೆ ಆ ಹೊತ್ತು ಬೇರೇನೂ ಬೇಕೆನಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕೇಳಿದ. “ಆ ವೈದ್ಯನಿಗೆ ಕೊನೆಗೆ ಆ ರಸ ಯಾವುದೆಂದು ತಿಳಿಯಿತೇ?”

“ಅವನು ಇಂದಿಗೂ ಹುಡುಕುತ್ತಿದ್ದಾನೆ, ಹುಡುಕಲೇಬೇಕು. ಆದರೆ ಅವನಿಗೆ ಸಿಗುವ ತನಕ ಅವಳು ಚಿಲಕದ ಹಿಂದೆ ಕೂತಿರಬೇಕಿತ್ತೇ?”