ಕೋಟೆಗೋಡೆಯಲ್ಲಿ ಫ್ಯಾನಿನ ಕಿಂಡಿ

"ಕರ್ನಲ್ ರಾಯರ ಅಪ್ಪಣೆ! ಕೋಟೆಗೋಡೆಯಲ್ಲಿ ಕಿಂಡಿ ಬೇಕು ಅಂತ ದಿನಾ ಬೊಬ್ಬೆ ಹೊಡೆಯುವ ಪೇಟೆಯ ಜನರೇ, ಕೇಳಿ. ಮೂರು ಒಗಟು ಬಿಡಿಸಿದವರಿಗೆ ಅವರು ಕೇಳಿದ ಕಡೆ ಒಂದು ಕಿಂಡಿ. ಒಂದು ತಪ್ಪಿದರೂ ಕಿಲ್."

ತಮಟೆಯವನು ಹೀಗೆ ಸಾರಿಕೊಂಡು ಹೋದ. ಇದು ಒಂದು ಕಂಪ್ಯೂಟರಿನ ಒಳಗಿನ ರಾಜ್ಯದ ಸಂಗತಿ. ನಡುವೆ ಕರ್ನಲ್ ಕೋಟೆ, ಸುತ್ತ ಪೇಟೆ. ಕರ್ನಲ್ ಅಂದರೆ ಸೈನ್ಯದವನಲ್ಲ, ಇಡೀ ಕಂಪ್ಯೂಟರನ್ನು ಆಳುವ ತಿರುಳು. ಕೋಟೆಯೊಳಗೆ ಡ್ರೈವರುಗಳಿರುತ್ತಾರೆ: ಪರದೆಗೊಬ್ಬ, ಕೀಲಿಮಣೆಗೊಬ್ಬ, ಫ್ಯಾನಿಗೊಬ್ಬ. ಯಂತ್ರ ಮುಟ್ಟುವ ಹಕ್ಕು ಅವರಿಗೆ ಮಾತ್ರ. ಪೇಟೆಯಲ್ಲಿರುವುದು ನಮ್ಮ ನಿಮ್ಮ ಕೆಲಸ ಮಾಡಿಕೊಡುವ ಪ್ರೋಗ್ರಾಮುಗಳು, ದುಡಿಯುವ ಮಂದಿ; ಅವರಿಗೊಬ್ಬರು ಯಜಮಾನರು. ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂಬುದನ್ನು ಕೋಟೆ ಕಟ್ಟುವಾಗಲೇ ಗೋಡೆಯೊಳಗೆ ಹೂತುಬಿಟ್ಟಿದ್ದರು. ಅದನ್ನು ಬದಲಾಯಿಸಬೇಕೆಂದರೆ ಕೋಟೆಯನ್ನೇ ಹೊಸದಾಗಿ ಕಟ್ಟಿ, ಇಡೀ ರಾಜ್ಯವನ್ನು ಮಲಗಿಸಿ ಎಬ್ಬಿಸಬೇಕು. ಇದನ್ನು ಕೋಟೆಯವರು ರಾಜ್ಯಭಾರ ಅನ್ನುತ್ತಾರೆ. ನನ್ನನ್ನು ಕೇಳಿದರೆ ಶುದ್ಧ ಸೋಮಾರಿತನ. ಗೋಡೆಯಲ್ಲೊಂದು ಕಿಂಡಿ ಇದ್ದರೆ ಹೊರಗಿನಿಂದಲೇ ವೇಗ ನೋಡಿ ತಿದ್ದಬಹುದು ಅನ್ನುವುದು ಪೇಟೆಯವರ ಹಟ.

ಪೇಟೆಯಲ್ಲಿ ಚನ್ನಾಜಮ್ಮ ಅಂತ ಒಬ್ಬಳು, ಚಿತ್ರ ಜೋಡಿಸುವವಳು. ಎಡೆಬಿಡದ ಕೆಲಸ, ಸುತ್ತಲೂ ಕಾವು ಏಳುವ ಕೆಲಸ. ರಾಜ್ಯ ಕಾದಾಗ ರಾಯರಿಗೆ ಗೊತ್ತಿದ್ದ ಉಪಾಯ ಒಂದೇ, ಹೆಚ್ಚು ದುಡಿಯುವವರನ್ನು ಹಿಡಿದು ಕಿಲ್ ಮಾಡಿಸುವುದು, ಅಂದರೆ ಇದ್ದಲ್ಲೇ ಅಳಿಸಿಹಾಕುವುದು. "ಇನ್ನೊಮ್ಮೆ ಸೆಕೆ ಏರಿದರೆ ನಿನ್ನ ಸರದಿ" ಎಂದು ಅವಳಿಗೆ ಹೇಳಿ ಕಳಿಸಿದ್ದರು. ಮಗಳು ದುರುಗಿ ಅವರಿವರ ಮಾತನ್ನು ಅತ್ತಿಂದಿತ್ತ ಮುಟ್ಟಿಸುವ ಸಣ್ಣ ಕೆಲಸದವಳು. ಸುದ್ದಿ ಕೇಳಿ ಕೆಂಡಾಮಂಡಲವಾದಳು.

"ಫ್ಯಾನು ಜೋರು ಮಾಡಿದರೆ ಮುಗಿಯೋ ಮಾತಿಗೆ ನಿನ್ನ ಪ್ರಾಣ ಯಾಕೆ ಕೊಡಬೇಕು? ನಾನು ಹೋಗ್ತೀನಿ."

"ಬೇಡ ಕಣವ್ವ. ನಾನು ಹೋದರೂ ನೀನಾದರೂ ಇರು."

"ನೀನಿಲ್ಲದ ಮೇಲೆ ನಾನಿದ್ದು ಏನು ಮಾಡಲಿ?" ಎಂದು ದುರುಗಿ ಹೊರಟೇಬಿಟ್ಟಳು. ತಾಯಿ ಕೆಲಸ ಬಿಡದೆ ಕಣ್ಣೀರು ಒರೆಸಿಕೊಂಡಳು.

ಕೋಟೆಬಾಗಿಲ ಮೇಲೆ ನಿಂತು ರಾಯರು ಮೊದಲ ಒಗಟು ಕೇಳಿದರು. "ನನ್ನಲ್ಲೊಂದು ಹಾಳೆಯಿದೆ. ಯಾವ ಪೆಟ್ಟಿಗೆಯಲ್ಲೂ ಇಟ್ಟಿಲ್ಲ. ಓದಲು ಬಂದಾಗಲೇ ಬರಹ ಮೂಡುತ್ತದೆ, ಓದಿ ಹೋದ ಮೇಲೆ ಹುಡುಕಿದರೂ ಸಿಗುವುದಿಲ್ಲ. ಏನದು?"

ಪರದೆಯ ಬಣ್ಣ ತಿದ್ದುವ ಮೀಸೆ ಶಾಮಣ್ಣ ಮುಂದೆ ಬಂದು "ಕನಸು" ಅಂದ. "ಕಿಲ್" ಅಂದರು ರಾಯರು. ಆಸಾಮಿ ಇದ್ದ ಜಾಗ ಖಾಲಿಯಾಯಿತು. ಹಾಡು ನುಡಿಸುವ ತೋಂಟಯ್ಯ ಗಂಟಲು ಸರಿಮಾಡಿಕೊಂಡು "ಹಣೆಬರಹ" ಅಂದ. ಅವನೂ ಹೋದ. ಉಳಿದವರು ಮೆಲ್ಲಗೆ ಹಿಂದೆ ಸರಿದರು. ದುರುಗಿ ಮಾತ್ರ ಮುಂದೆ ಬಂದಳು.

"ನಾವು ಕೇಳ್ತಿರೋ ಕಿಂಡಿಯ ಫೈಲು, ಬುದ್ಧಿ. ಡಿಸ್ಕಿನಲ್ಲಿ ಅದು ಎಲ್ಲೂ ಇರೋದಿಲ್ಲ. ನಾವು ಓದೋಕೆ ಹೋದಾಗ ಡ್ರೈವರು ಆ ಕ್ಷಣ ಫ್ಯಾನು ಹೇಗೆ ತಿರುಗ್ತಿದೆ ಅಂತ ನೋಡಿ ಬರೆದುಕೊಡ್ತಾನೆ. ಇವತ್ತು ಬೇಯ್ತಿರೋ ನಮಗೆ ನಿನ್ನೆಯ ಬರಹ ಯಾಕೆ ಬೇಕು?"

ರಾಯರು ಹುಬ್ಬು ಗಂಟಿಕ್ಕಿ ಎರಡನೆಯದನ್ನು ಕೇಳಿದರು. "ಊರೆಲ್ಲ ನೋಡಬಹುದು, ತಿರುಗಿಸುವ ಹಕ್ಕು ಒಂದೇ ಕೈಗೆ. ಆ ಕೈಯನ್ನೂ ನಂಬುವಂತಿಲ್ಲ. ಏನದು?"

"ಆ ಕಿಂಡಿಯಲ್ಲಿರೋ ಸೆಟ್ಟಿಂಗು. ನೋಡೋಕೆ ಎಲ್ಲರಿಗೂ ಬಿಡಿ, ಬದಲಾಯಿಸೋಕೆ ಪೇಟೆಯ ಯಜಮಾನರಿಗೆ ಮಾತ್ರ ಬಿಡಿ. ಯಜಮಾನರೇ ಮಿತಿಮೀರಿ ಬರೆದರೂ ಡ್ರೈವರು 'ಆಗೋದಿಲ್ಲ' ಅಂತ ವಾಪಸು ಕೊಡಲಿ. ನಂಬದೆ ಪರೀಕ್ಷೆ ಮಾಡಿ, ನಮಗೇನೂ ಬೇಜಾರಿಲ್ಲ. ನಂಬಿಕೆಯಿಲ್ಲ ಅಂತ ಗೋಡೆನೇ ಮುಚ್ಚಿಡೋದು ಯಾವ ನ್ಯಾಯ?"

ಪೇಟೆಯವರು ಗುಜುಗುಜು ಎಂದರು. ಅಷ್ಟರಲ್ಲಿ ಸೆಕೆ ಏರತೊಡಗಿತ್ತು. ಕಾವಲಿನವರು ಚನ್ನಾಜಮ್ಮನ ಮನೆಯ ಕಡೆ ಹೊರಟರು. ದುರುಗಿ ಅದನ್ನು ನೋಡಿದಳು, ರಾಯರೂ ನೋಡಿ ಮೂರನೆಯ ಒಗಟು ಒಡ್ಡಿದರು.

"ಇದನ್ನು ನಾನು ಕೊಡಬಲ್ಲೆ. ರಾಜನಾದರೂ ವಾಪಸು ಪಡೆಯಲಾರೆ. ಏನದು?"

"ಕಿಂಡಿಯೇ, ಬುದ್ಧಿ. ಹೆಸರಿಟ್ಟು ಒಮ್ಮೆ ತೆರೆದರೆ ಪೇಟೆಯವರು ಅದನ್ನು ನಂಬಿ ಕೆಲಸ ಕಟ್ಟಿಕೊಳ್ತಾರೆ. ಆಮೇಲೆ ನೀವು ಮುಚ್ಚಿದರೂ, ಹೆಸರು ಬದಲಾಯಿಸಿದರೂ ಅವರ ಕೆಲಸ ಕೆಡುತ್ತೆ. ನಿಮಗೆ ನಮ್ಮ ಕೈಯ ಹೆದರಿಕೆ ಇಲ್ಲ. ಕೊಟ್ಟದ್ದಕ್ಕೆ ಕೊನೆತನಕ ನಿಲ್ಲಬೇಕಲ್ಲ, ಅದರ ಹೆದರಿಕೆ."

ರಾಯರು ಬಾಗಿಲ ಮೇಲಿನಿಂದ ಬಗ್ಗಿ ಅಂದರು. "ಮೂರೂ ಸರಿ. ಅದಕ್ಕೇ ಕಿಂಡಿ ಕೊಡೋದಿಲ್ಲ. ಬೇಕಾದರೆ ನೀನು ಒಳಗೆ ಬಾ, ಕೋಟೆಯಲ್ಲೇ ಕೆಲಸ ಕೊಡ್ತೀನಿ."

ನೋಡಿ, ಎಂಥ ಭಂಡತನ. ದುರುಗಿ ಗೋಡೆಗೆ ಬೆನ್ನು ಕೊಟ್ಟು ಕೂತೇಬಿಟ್ಟಳು.

"ನಾನೊಬ್ಬಳು ಒಳಗೆ ಬಂದರೆ ನಮ್ಮವ್ವನ ಸೆಕೆ ಆರುತ್ತಾ? ಇಲ್ಲಿಂದ ಏಳೋದಿಲ್ಲ. ಕಿಲ್ ಮಾಡಿಸ್ತೀರಾ, ಮಾಡಿಸಿ. ಸರಿಯಾದ ಉತ್ತರ ಹೇಳಿದವಳನ್ನ ಕೊಂದರು ಅಂತ ಎಲ್ಲರೂ ನೋಡಲಿ."

ಆಗ ಅವಳ ಬೆನ್ನ ಹಿಂದೆ ಗೋಡೆಯೊಳಗಿಂದ ಕುಟ್ಟುವ ಸದ್ದು ಕೇಳಿತು. ಒಂದು ಇಟ್ಟಿಗೆ ಕಳಚಿ ಹೊರಬಿತ್ತು. ಒಳಗೆ ಕಂಡದ್ದು ಫ್ಯಾನಿನ ಡ್ರೈವರು ಕೆಂಪಣ್ಣನ ಮುಖ.

"ಯಂತ್ರ ನನ್ನದು ಬುದ್ಧಿ, ಅದರ ಕಿಂಡಿ ತೆರೆಯಬೇಕಾದವನೂ ನಾನೇ. ಇಷ್ಟು ದಿನ ಗೋಡೆಯಾಚೆ ಅಳು ಕೇಳಿಸಿಕೊಂಡೇ ಕೂತಿದ್ದೆ, ನಾಚಿಕೆಗೇಡು. ಯಜಮಾನರೇ, ಎಷ್ಟು ಜೋರು ಬೇಕು?"

ಗುಂಪಿನಲ್ಲಿದ್ದ ಪೇಟೆಯ ಯಜಮಾನರು ಗಾಬರಿಯಲ್ಲಿ ತೋಚಿದ ದೊಡ್ಡ ಸಂಖ್ಯೆ ಬರೆದರು. "ಅಷ್ಟು ಆಗೋದಿಲ್ಲ" ಎಂದು ಕೆಂಪಣ್ಣ ವಾಪಸು ಕೊಟ್ಟ. ಕಡಿಮೆ ಮಾಡಿ ಬರೆದರು. ಫ್ಯಾನು ಭರ್ರೆಂದು ತಿರುಗಿತು. ಚನ್ನಾಜಮ್ಮನ ಮನೆ ಬಾಗಿಲಿಗೆ ಹೋಗಿದ್ದ ಕಾವಲಿನವರು ತಣ್ಣನೆಯ ಗಾಳಿಗೆ ಮುಖ ಒಡ್ಡಿ ನಿಂತರು. ಅವಳು ತಲೆಯೆತ್ತದೆ ಚಿತ್ರ ಜೋಡಿಸುತ್ತಲೇ ಇದ್ದಳು.

ಕಿಂಡಿಯ ಮುಂದೆ ಜನ ಮುಗಿಬಿದ್ದರು. ಸೆಕೆ ಅಳೆಯುವವರು, ಬ್ಯಾಟರಿ ಕಾಯುವವರು, ಎಲ್ಲರೂ ಅದನ್ನು ಓದಿಕೊಂಡು ತಮ್ಮ ತಮ್ಮ ಕೆಲಸ ಹೊಂದಿಸಿಕೊಳ್ಳತೊಡಗಿದರು. ರಾಯರು ಗಾರೆಯವನನ್ನು ಕರೆಸಿ "ಮುಚ್ಚು" ಅಂದರು.

ಅವನು ಕರಣೆ ಹಿಡಿದು ಬಂದ, ಜನರ ಸಾಲನ್ನು ನೋಡಿದ, ಕರಣೆ ಕೆಳಗಿಟ್ಟ.

"ಹೇಗೆ ಮುಚ್ಚಲಿ ಬುದ್ಧಿ? ಇವರೆಲ್ಲ ಆಗಲೇ ಇದನ್ನೇ ನಂಬಿಕೊಂಡಿದ್ದಾರಲ್ಲ."